ಕಿವಿಯಲ್ಲಿ ಹೇಳುವ ಬಾಣದಕ್ಕ

ಬೆಳಗಿನ ಐದೂ ಮುಕ್ಕಾಲು. ಅಂಗಿ ಹೊಲಿಯುವ ಕಾರ್ಖಾನೆಯ ಎರಡನೇ ಮಹಡಿಯಲ್ಲಿ ಇನ್ನೂರು ಮೆಷಿನ್‌ಗಳು ಮುಸುಕು ಹೊದ್ದು ಕೂತಿವೆ. ಮೂಲೆಯಲ್ಲಿ ಒಂದೇ ಒಂದು ಟ್ಯೂಬ್‌ಲೈಟ್ ಉರಿಯುತ್ತಿದೆ. ಅದರ ಕೆಳಗೆ ಒಬ್ಬರು ಉದ್ದನೆಯ ಬಿಳಿ ಮೇಜನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಾರೆ. ಮೇಜಿನ ಮೇಲೆ ಧೂಳಿದ್ದರೆ ಅಂಗಿಯ ಮೇಲೆ ಕಲೆ, ಕಲೆಯಾದರೆ ಪಾಪ ಹೊಲಿದವರಿಗೆ ಬೈಗುಳ ಎನ್ನುವುದು ಅವರ ಲೆಕ್ಕಾಚಾರ. ಒರೆಸಿ ಮುಗಿದ ಮೇಲೆ ಉಗುರಿನಷ್ಟಗಲದ ಕೆಂಪು ಬಾಣದ ಸ್ಟಿಕ್ಕರ್‌ಗಳ ಹಾಳೆಯನ್ನು ಮಣಿಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿ ಸಿಕ್ಕಿಸಿಕೊಳ್ಳುತ್ತಾರೆ.

ಹೊಲಿದ ಅಂಗಿಗಳನ್ನು ತಪಾಸಣೆ ಮಾಡುವುದು ಇವರ ಕೆಲಸ. ಎಲ್ಲಿ ಹೊಲಿಗೆ ತಪ್ಪಿದೆಯೋ ಅಲ್ಲಿಗೆ ತುದಿ ಮಾಡಿ ಒಂದು ಬಾಣ ಅಂಟಿಸಬೇಕು. ಹತ್ತೊಂಬತ್ತು ವರ್ಷದಿಂದ ಅಂಟಿಸುತ್ತಿದ್ದಾರೆ. ಹೀಗಾಗಿ ಸ್ವಂತ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ, ಉಳಿದವರಿಗೆಲ್ಲ ಇವರು ಬಾಣದಕ್ಕ. ದಿನಕ್ಕೆ ಎಂಟುನೂರು ಅಂಗಿ, ಒಂದೊಂದಕ್ಕೆ ಸಿಗುವುದು ಮೂವತ್ತಾರು ಸೆಕೆಂಡು. ಐವತ್ತೆರಡು ದಾಟಿದರೂ ಕನ್ನಡಕ ಬಂದಿಲ್ಲ ಎಂಬ ಸಣ್ಣ ಜಂಬವೂ ಉಂಟು. "ಮನೆಗೆ ಹೋದಾಗ ಸೆರಗಿನಲ್ಲಿ ಒಂದೆರಡು ಬಾಣ ಅಂಟ್ಕೊಂಡಿರುತ್ತೆ. ಅಮ್ಮಾ, ಇವತ್ತು ನಿನ್ನಲ್ಲೇ ತಪ್ಪು ಸಿಕ್ಕಿದೆ ಅಂತ ಮಗಳು ರೇಗಿಸ್ತಾಳೆ" ಎಂದು ನಗುತ್ತಾರೆ.

ಬಾಣ ಬಿದ್ದ ಅಂಗಿ ಸೂಪರ್‌ವೈಸರ್ ಕೈಗೆ ಹೋಗುವುದು ಮೊದಲು ಇಲ್ಲಿನ ಪದ್ಧತಿಯಾಗಿತ್ತು. ಒಂದೇ ಮೆಷಿನ್‌ನ ಬಾಣಗಳು ಹೆಚ್ಚಾದರೆ ಅವರು ಮೈಕ್ ಹಿಡಿದು ಅದರ ನಂಬರ್ ಕೂಗುತ್ತಿದ್ದರು. ತಿಂಗಳಲ್ಲಿ ಮೂರು ಸಲ ಕೂಗಿಸಿಕೊಂಡವರು ಮನೆಗೆ. ಬಾಣದಕ್ಕನಿಗೆ ಆ ಮೈಕ್‌ನ ರುಚಿ ಚೆನ್ನಾಗಿ ಗೊತ್ತು. ಅವರೂ ಇಲ್ಲಿಗೆ ಟೇಲರ್ ಆಗಿಯೇ ಬಂದವರು. "ಮೊದಲನೇ ವಾರ. ಹದಿನಾಲ್ಕನೇ ಮೆಷಿನ್, ಕಣ್ಣು ಮನೇಲಿಟ್ಟು ಬಂದಿದೀಯಾ ಅಂತ ಆಗಿನ ಸೂಪರ್‌ವೈಸರ್ ಕೂಗಿದ್ರು. ಇನ್ನೂರು ತಲೆ ನನ್ನ ಕಡೆ ತಿರುಗ್ತು. ಆಮೇಲೆ ಮೆಷಿನ್ ಮುಂದೆ ಕೂತರೆ ಸಾಕು, ಹೊಲಿಯೋದು ಬಿಟ್ಟು ಮೈಕ್ ಕಡೆಗೇ ನೋಡ್ತಿದ್ದೆ." ಮೆಷಿನ್ ಬಿಟ್ಟು ದಾರದ ತುದಿ ಕತ್ತರಿಸುವ ಕೆಲಸಕ್ಕೆ ಇಳಿದರು, ಅಲ್ಲಿಂದ ಈ ಮೇಜಿಗೆ ಬಂದರು. ಒಂದು ಕೂಗಿಗೆ ಒಬ್ಬ ಒಳ್ಳೆಯ ಟೇಲರ್ ಹೋದರಲ್ಲ ಎಂದು ಕೇಳುತ್ತ ಪಕ್ಕದಲ್ಲಿ ನಿಂತ ನನಗೆ ಕೆಡುಕೆನಿಸುತ್ತದೆ, ಅವರು ಮಾತ್ರ ಕೈ ಕೊಡವಿ ಮುಂದಿನ ಅಂಗಿ ಎತ್ತಿಕೊಳ್ಳುತ್ತಾರೆ.

ಹೋದ ವರ್ಷ ಕಾಲರ್ ಕೂರಿಸುವ ಹಳೆಯ ಟೇಲರ್ ಒಬ್ಬರ ಹೊಲಿಗೆ ಇದ್ದಕ್ಕಿದ್ದಂತೆ ದಾರಿ ತಪ್ಪತೊಡಗಿತು. ಎಲ್ಲರೂ ಕಾಲರಮ್ಮ ಎಂದು ಕರೆಯುವ ಅವರ ದುಡಿಮೆಯಲ್ಲೇ ಮನೆ ನಡೆಯಬೇಕು. ಆಗಲೇ ಎರಡು ಸಲ ಮೈಕ್‌ನಲ್ಲಿ ನಂಬರ್ ಬಂದಿತ್ತು. ಇನ್ನೊಂದು ಕೂಗಾದರೆ ಕೆಲಸ ಹೋಗುತ್ತದೆ ಎಂದು ಬಾಣದಕ್ಕ ಲೆಕ್ಕ ಹಾಕಿದರು. ಬಾಣ ಅಂಟಿಸುವುದು ಬಿಟ್ಟು, ಕೆಟ್ಟ ಕಾಲರ್‌ಗಳನ್ನು ಮೇಜಿನ ಕೆಳಗೆ ಮುಚ್ಚಿಟ್ಟರು. ಊಟದ ಹೊತ್ತಿನಲ್ಲಿ ಖಾಲಿ ಮೆಷಿನ್ ಹಿಡಿದು, ಬಿಚ್ಚಿ, ತಾವೇ ಹೊಲಿದರು. ಎಷ್ಟೋ ವರ್ಷದ ಮೇಲೆ ಮೆಷಿನ್ ಮುಂದೆ ಕೂತದ್ದು ಆಗಲೇ.

"ಇಪ್ಪತ್ತು ದಿನ ಹೀಗೇ ನಡೀತು. ಪುಣ್ಯದ ಕೆಲಸ ಮಾಡ್ತಿದೀನಿ ಅಂತ ಒಳಗೊಳಗೇ ಬೀಗ್ತಿದ್ದೆ" ಎನ್ನುತ್ತಾರೆ. ಅಷ್ಟರಲ್ಲಿ ಜ್ವರ ಬಂದು ಎರಡು ದಿನ ರಜೆ ಹಾಕಿದರು. ಬದಲಿಗೆ ಬಂದವರು ಕಾಲರಮ್ಮನ ಹೊಲಿಗೆಗೆ ಒಂದೇ ದಿನ ನಲವತ್ತೊಂದು ಬಾಣ ಅಂಟಿಸಿದರು. ಮೂರನೇ ಸಲ ಮೈಕ್ ಕೂಗಿತು. ಹಳಬರೆಂಬ ಕಾರಣಕ್ಕೆ ಕಾಲರಮ್ಮನನ್ನು ವಾರ ತುಂಬುವವರೆಗೆ ಮಾತ್ರ ಇರಲು ಬಿಟ್ಟರು.

ರಜೆ ಮುಗಿಸಿ ಬಂದ ಬಾಣದಕ್ಕನ ಮುಂದೆ ಕಾಲರಮ್ಮ ಬಂದು ನಿಂತರು. "ಬೈತಾಳೆ ಅಂದ್ಕೊಂಡೆ. ಬೈಲಿಲ್ಲ. ಅಕ್ಕಾ, ನಾನು ಚೆನ್ನಾಗೇ ಹೊಲೀತಿದೀನಿ ಅಂದ್ಕೊಂಡಿದ್ದೆ, ನನಗೊಂದು ಮಾತು ಯಾಕೆ ಹೇಳ್ಲಿಲ್ಲ ಅಂತ ಕೇಳಿದ್ಲು. ನನ್ನ ಕರುಣೆ ಅವಳ ಕುತ್ತಿಗೆಗೆ ಬಂದಿತ್ತು ನೋಡಿ."

ಆ ದಿನ ಬಾಣದಕ್ಕ ಊಟ ಮಾಡಲಿಲ್ಲ. ನಲವತ್ತೊಂದು ಅಂಗಿಗಳನ್ನೂ ಮೇಜಿನ ಮೇಲೆ ಹರಡಿದರು. ಎಲ್ಲವೂ ಕಡುನೀಲಿ, ದಾರವೂ ಕಡುನೀಲಿ. ಅದೇ ಕೈ ಹೊಲಿದ ಬಿಳಿ ಅಂಗಿಗಳಲ್ಲಿ ಒಂದು ಬಾಣವೂ ಇರಲಿಲ್ಲ. ಎರಡೂ ರಾಶಿ ಹೊತ್ತುಕೊಂಡು ಸೂಪರ್‌ವೈಸರ್ ಕೋಣೆಗೆ ಹೋದರು. "ಸಾರ್, ಇದು ಅಸಡ್ಡೆ ಅಲ್ಲ, ಕಣ್ಣು. ನೀಲಿ ಮೇಲೆ ನೀಲಿ ದಾರ ಅವಳಿಗೆ ಕಾಣ್ತಿಲ್ಲ. ಮುಚ್ಚಿಟ್ಟ ತಪ್ಪು ನಂದು. ಕೂಗೋದಿದ್ರೆ ನನ್ನ ಹೆಸರು ಕೂಗಿ ಅಂದೆ." ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿರುವ ಮನುಷ್ಯ, ಎರಡೂ ರಾಶಿಯನ್ನು ತಿರುವಿ ತಿರುವಿ ನೋಡಿ, ಇನ್ನೊಂದು ತಿಂಗಳು ಕೊಟ್ಟರು. ಭಾನುವಾರ ಬಾಣದಕ್ಕನೇ ಕಾಲರಮ್ಮನನ್ನು ಕಣ್ಣಿನ ಡಾಕ್ಟರ್ ಬಳಿ ಕರೆದುಕೊಂಡು ಹೋದರು. ಕನ್ನಡಕ ಬಂತು, ಹೊಲಿಗೆ ನೆಟ್ಟಗಾಯಿತು, ಕೆಲಸ ಉಳಿಯಿತು.

ಅಂದಿನಿಂದ ಬಾಣದಕ್ಕ ಯಾವ ತಪ್ಪನ್ನೂ ಮುಚ್ಚಿಡುವುದಿಲ್ಲ. ಬಾಣ ಬಿದ್ದ ಅಂಗಿ ಹಿಡಿದು ತಾವೇ ಮೆಷಿನ್ ಬಳಿ ನಡೆಯುತ್ತಾರೆ, ಬಗ್ಗಿ ಹೊಲಿದವರ ಕಿವಿಯಲ್ಲಿ ಹೇಳುತ್ತಾರೆ. ದಿನಕ್ಕೆ ಅರವತ್ತು ಸಲವಾದರೂ ಬಗ್ಗಬೇಕು, ಸಂಜೆಗೆ ಸೊಂಟ ಹಿಡಿದುಕೊಳ್ಳುತ್ತದೆ. ಸೂಪರ್‌ವೈಸರ್ ಮೊದಮೊದಲು ಗೊಣಗಿದರು, ಬಾಣಗಳು ಕಡಿಮೆಯಾದ ಮೇಲೆ ಸುಮ್ಮನಾದರು. ಮೈಕ್ ಈಗ ಕಳೆದುಹೋದ ಊಟದ ಡಬ್ಬಿ ಯಾರದೆಂದು ಕೇಳುವುದಕ್ಕೆ ಬಳಕೆಯಾಗುತ್ತಿದೆ.

ನಿಮಗೇನು ಆಸೆ ಎಂದು ಕೇಳುತ್ತೇನೆ. "ಏನಿಲ್ಲಪ್ಪ. ನನ್ನ ಕಣ್ಣು ಕೈಕೊಟ್ಟ ದಿನ, ಯಾರಾದ್ರೂ ಬಂದು ಮೆಲ್ಲಗೆ ಹೇಳಿದ್ರೆ ಸಾಕು."

ನಾನು ಹೊರಡುವ ಹೊತ್ತಿಗೆ ಕಾಲರಮ್ಮ ಮೇಜಿನ ಬಳಿ ಬರುತ್ತಾರೆ. ತಪಾಸಣೆ ಮುಗಿದ ರಾಶಿಯಿಂದ ಒಂದು ಕಡುನೀಲಿ ಅಂಗಿ ಎಳೆದು, ತೋಳಿನ ಬುಡದಲ್ಲಿ ಬೆರಳಿಟ್ಟು, ಬಗ್ಗಿ ಬಾಣದಕ್ಕನ ಕಿವಿಯಲ್ಲಿ ಏನೋ ಹೇಳಿ ಹೋಗುತ್ತಾರೆ. ಬಾಣದಕ್ಕ ಅಂಗಿಯನ್ನು ದೂರ ಹಿಡಿಯುತ್ತಾರೆ, ಹತ್ತಿರ ತರುತ್ತಾರೆ, ಮತ್ತೆ ದೂರ ಹಿಡಿಯುತ್ತಾರೆ. ಆಮೇಲೆ ಅಲ್ಲೊಂದು ಬಾಣ ಅಂಟಿಸುತ್ತಾರೆ.

ಏನಂದರು ಎಂದು ಕೇಳುತ್ತೇನೆ.

"ಈ ಭಾನುವಾರ ನನ್ನನ್ನ ಕಣ್ಣಿನ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತಾಳಂತೆ." ಅವರ ಕಣ್ಣು ಒದ್ದೆಯಾಗಿದೆ, ಮುಖದಲ್ಲಿ ಮಾತ್ರ ಜಂಬ. "ನೋಡಿದ್ರಾ? ಪಕ್ಕದಲ್ಲೇ ನಿಂತಿದ್ರಿ, ನಿಮಗೂ ಕೇಳಿಸ್ಲಿಲ್ಲ."