ಹಂದಿ ರೋಮದ ಪಂದ್ಯ

ಗುರುವಾರ ಬೆಳಿಗ್ಗೆ ಅಂಪಾರೊ ಅಂಗಡಿ ತೆರೆದು ಇನ್ನೂ ಕಾಫಿಗೆ ಬಾಯಿ ಹಚ್ಚಿರಲಿಲ್ಲ, ಅಷ್ಟರಲ್ಲಿ ಚೆಂಚೊ ಗಾರ್ಸಾ ತನ್ನ ಕುಣಿತದ ಬೂಟುಗಳನ್ನು ತಂದು ಮೇಜಿನ ಮೇಲೆ ಕುಕ್ಕಿದ. ಕಾಲಿಗೆ ದಪ್ಪ ಕಾಲುಚೀಲ, ಹಳೆಯ ಚಪ್ಪಲಿ. ತಲೆಗೆ ಮಾತ್ರ ಹಬ್ಬದ ಟೋಪಿ.

"ಕೊಮಾದ್ರೆ, ಬಲಗಾಲಿನ ಬೂಟು ಕಿರ್ ಅಂತಿದೆ. ಭಾನುವಾರ ಸ್ಪರ್ಧೆ. ಶನಿವಾರದ ಹೊತ್ತಿಗೆ ಬೇಕು."

"ಕಿರ್ ಅಂತಿರೋದು ಬೂಟೋ ನಿಮ್ಮ ಮಂಡಿನೋ, ಸರಿಯಾಗಿ ಕೇಳಿಸ್ಕೊಂಡ್ರಾ ಕೊಂಪಾದ್ರೆ?"

"ನನ್ನ ಮಂಡಿಗೇನ್ರೀ ಆಗಿದೆ? ಇಪ್ಪತ್ತರ ಹುಡುಗೀರು ಇವತ್ತಿಗೂ ನನ್ನ ಜೊತೆ ಕುಣಿದು ಸುಸ್ತಾಗ್ತಾರೆ."

"ಕುಣಿದಲ್ಲ, ನೀವು ಒಂದು ಸುತ್ತು ಮುಗಿಸೋದನ್ನ ಕಾದೂ ಕಾದೂ ಸುಸ್ತಾಗ್ತಾರೆ."

ಚೆಂಚೊ ಗಹಗಹಿಸಿ ನಗುತ್ತ ಪಕ್ಕದ ಹಸಿಂತೊನ ಕ್ಷೌರದಂಗಡಿಗೆ ಹೋಗಿ ಕುಳಿತ. ಅಂಪಾರೊ, ಚೆಂಚೊ ಇಬ್ಬರೂ ಚಿಕ್ಕಂದಿನಲ್ಲಿ ಒಂದೇ ತೋಟದಲ್ಲಿ ಕಿತ್ತಳೆ ಕದ್ದವರು, ಆಗ ಎಲ್ಲವೂ ಏಕವಚನ. ಅಂಪಾರೊಳ ಮಗಳಿಗೆ ದೀಕ್ಷಾಸ್ನಾನವಾದ ದಿನ ಧರ್ಮಪಿತನಾಗಿ ಮಗುವನ್ನು ಎತ್ತಿಕೊಂಡು ನಿಂತವನು ಚೆಂಚೊ. ಅಂದಿನಿಂದ ಅವನು ಕೊಂಪಾದ್ರೆ, ಅವಳು ಕೊಮಾದ್ರೆ. ಬೀಗರಿದ್ದ ಹಾಗೆ, ಬೈಯುವುದಿದ್ದರೂ ಬಹುವಚನದಲ್ಲೇ ಬೈಯಬೇಕು. ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಇಬ್ಬರೂ ತಪ್ಪಿದವರಲ್ಲ.

ಬೂಟು ಹೊಲಿಯುವವರು ಬೂಟನ್ನು ಕಣ್ಣಿನಿಂದ ನೋಡುವುದಿಲ್ಲ, ಕೈಯಿಂದ ನೋಡುತ್ತಾರೆ. ಬೆಳಗಿನ ಗಿರಾಕಿಗಳು ಹೋದ ಮೇಲೆ ಅಂಪಾರೊ ಬಲಗಾಲಿನ ಬೂಟಿನೊಳಗೆ ಕೈ ಇಳಿಸಿದಳು. ಬೆರಳಿಗೆ ಚುರುಕ್ಕೆಂದಿತು. ಒಳಗಿನ ತೊಗಲು ಎಬ್ಬಿಸಿ ನೋಡಿದರೆ ಅಟ್ಟೆಯ ಮೊಳೆಯೊಂದು ಮೇಲೆದ್ದು, ಕಿರುಬೆರಳಿನ ಉಗುರಿನಷ್ಟು ಉದ್ದಕ್ಕೆ ತಲೆ ಎತ್ತಿ ನಿಂತಿತ್ತು. ಅದರ ಸುತ್ತ ಕಪ್ಪಗೆ ಕಲೆ. ಮುಟ್ಟಿದರೆ ಇನ್ನೂ ಹಸಿ.

ಅಂಪಾರೊ ಹೆದರಿದಳು. ಕಿರ್ ಅನ್ನುತ್ತಿದೆ ಅಂದನಲ್ಲ ಈ ಮನುಷ್ಯ, ಚುಚ್ಚುತ್ತಿದೆ ಅನ್ನಲೇ ಇಲ್ಲವಲ್ಲ!

ಹೀಗೆ ಹೆದರಲು ಅವಳಿಗೆ ಕಾರಣವಿತ್ತು. ಈ ಅಂಗಡಿ ಅವಳ ಅಪ್ಪ ದೋನ್ ಫೆರ್ಮಿನ್‌ನದು. ಆಗ ಬೂಟಿನ ಹೊಲಿಗೆಗೆ ಯಾರೂ ಸೂಜಿ ಹಿಡಿಯುತ್ತಿರಲಿಲ್ಲ. ಮೇಣ ಹಚ್ಚಿದ ದಾರದ ತುದಿಗೆ ಕಾಡುಹಂದಿಯ ಗಡುಸು ರೋಮ ಹೊಸೆದು, ದಬ್ಬಳ ಕೊರೆದ ತೂತಿನಲ್ಲಿ ಅದನ್ನೇ ತೂರಿಸುತ್ತಿದ್ದರು. ರೋಮ ಹೊಸೆಯುವುದು ಏಳು ವರ್ಷದ ಅಂಪಾರೊಳ ಕೆಲಸ, ಅವಳ ಬೆರಳು ಸಣ್ಣವು. ಅಪ್ಪ ಬರಿಗಾಲು ಚಾಚಿ ಕೆಲಸಕ್ಕೆ ಕುಳಿತಾಗ ಅವಳು ಮೇಜಿನ ಕೆಳಗೆ ನುಸುಳಿ ಒಂದು ರೋಮದಿಂದ ಅವನ ಅಂಗಾಲಿಗೆ ಕಚಗುಳಿ ಇಡುತ್ತಿದ್ದಳು. ಅಪ್ಪ "ಅಯ್ಯಯ್ಯೋ ಇಲಿ ಬಂತು!" ಎಂದು ಕಾಲು ಝಾಡಿಸಿ ಒದೆಯುತ್ತಿದ್ದ, ಮೇಜಿನ ಮೇಲಿನ ಮೊಳೆ ಡಬ್ಬಿ ಚೆಲ್ಲಾಪಿಲ್ಲಿಯಾಗುತ್ತಿತ್ತು, ಅಮ್ಮ ಅಡುಗೆಮನೆಯಿಂದಲೇ ಇಬ್ಬರಿಗೂ ಬೈಯುತ್ತಿದ್ದಳು. ಅವಳಿಗೆ ಹನ್ನೊಂದಾದ ವರ್ಷ ಅಪ್ಪ ಒದೆಯುವುದನ್ನು ನಿಲ್ಲಿಸಿದ. ತನ್ನ ಮೇಲೆ ಮುನಿಸೆಂದುಕೊಂಡು ಅವಳು ಅತ್ತಳು, ಆಟ ಬಿಟ್ಟಳು. ಎರಡು ವರ್ಷದ ಮೇಲೆ ನೆಲದಲ್ಲಿ ಬಿದ್ದ ಮೊಳೆಯೊಂದು ಅದೇ ಅಂಗಾಲಿಗೆ ನೆಟ್ಟು, ಸಕ್ಕರೆ ಕಾಯಿಲೆಯಿಂದ ಮರಗಟ್ಟಿದ್ದ ಕಾಲಾದ್ದರಿಂದ ಅವನಿಗೇ ಗೊತ್ತಾಗದೆ ಕೊಳೆತು, ಕಾಲು ಮೊಣಕಾಲಿನವರೆಗೆ ಹೋಯಿತು.

ಅಂಪಾರೊಳ ಅಂಗಡಿಯ ಗೋಡೆ ತುಂಬ ಊರಿನವರ ಕಾಲುಗಳಿವೆ. ಅಳತೆ ತೆಗೆದು ಮರದಲ್ಲಿ ಕೆತ್ತಿದ ಕಾಲಚ್ಚುಗಳು, ಜೋಡಿ ಜೋಡಿಯಾಗಿ, ಹೆಸರು ಬರೆದು ನೇತುಹಾಕಿದವು. ಎದುರು ಗೋಡೆಯಲ್ಲಿ ಒಂದು ಕಾಲು ಕಳೆದುಕೊಂಡವರ ಒಂಟಿ ಅಚ್ಚುಗಳು. ಒಟ್ಟು ಹತ್ತೊಂಬತ್ತು, ಮೊದಲನೆಯದು ದೋನ್ ಫೆರ್ಮಿನ್‌ನದು. ಲಾ ಪಲ್ಮಿತಾದಂಥ ಅಂಗೈಯಗಲದ ಊರಿಗೆ ಹತ್ತೊಂಬತ್ತು! ಕಾಲುವೆಯಾಚೆ ಗಾಲ್ಫ್ ಆಡುವವರ ಬಡಾವಣೆಯಲ್ಲಿ ಒಬ್ಬನೇ ಒಬ್ಬ ಒಂಟಿಗಾಲಿನವನನ್ನು ತೋರಿಸಿ ನೋಡೋಣ. ಸಕ್ಕರೆ ಕಾಯಿಲೆ ಅವರಿಗೇನು ಬರುವುದಿಲ್ಲವೇ? ಬರುತ್ತದೆ. ಆದರೆ ಅವರಿಗೆ ವಿಮೆಯಿದೆ, ವರ್ಷಕ್ಕೊಮ್ಮೆ ಕಾಲು ಹಿಡಿದು ನೋಡುವ ಡಾಕ್ಟರಿದ್ದಾರೆ. ಈಚೆ ದಂಡೆಯವರು ಗಡಿಯ ಸೇತುವೆ ದಾಟಿ ಮೆಕ್ಸಿಕೋದಿಂದ ಅಗ್ಗದ ಮಾತ್ರೆ ತರುತ್ತಾರೆ, ಅದು ಮುಗಿದರೆ ಪಾಪಾಸುಕಳ್ಳಿಯ ರಸ ಕುಡಿಯುತ್ತಾರೆ.

ಚೆಂಚೊನೂ ಅಷ್ಟೇ. ಅವನ ಲೆಕ್ಕದಲ್ಲಿ ಅವನಿಗೆ ಸಕ್ಕರೆ ಬಂದದ್ದು ಹೆದರಿಕೆಯಿಂದ: ಒಂಬತ್ತು ವರ್ಷದ ಹಿಂದೆ ಟ್ರಾಕ್ಟರು ಕಾಲುವೆಗೆ ಮಗುಚಿದ ದಿನ. ಹೆದರಿಕೆಯಿಂದ ಬಂದದ್ದು ಧೈರ್ಯದಿಂದ ಹೋಗುತ್ತದೆ ಎಂದು ಅವನು ಕುಣಿಯುತ್ತಿದ್ದ. ಇನ್ಸುಲಿನ್ ಚುಚ್ಚಿಕೊಂಡರೆ ಕಣ್ಣು ಹೋಗುತ್ತದೆಂದು ಅವನಿಗೆ ಖಾತ್ರಿ. ಅವನ ಅಣ್ಣ ಸೂಜಿ ಶುರುಮಾಡಿದ ವರ್ಷವೇ ಕುರುಡನಾಗಿದ್ದ.

ಅಂಪಾರೊ ಗಡಿಯಾರ ನೋಡಿದಳು. ಹನ್ನೊಂದು. ಚರ್ಚಿನ ಹಿಂದಿನ ಕ್ಲಿನಿಕ್ ತೆರೆಯುವುದು ಮಂಗಳವಾರ, ಗುರುವಾರ ಮಾತ್ರ. ಮುಚ್ಚುವುದು ಹನ್ನೆರಡಕ್ಕೆ. ಇವತ್ತು ತಪ್ಪಿದರೆ ಐದು ದಿನ. ನೇರವಾಗಿ "ಕ್ಲಿನಿಕ್ಕಿಗೆ ನಡೀರಿ" ಅಂದರೆ ಈ ಕೋಣ ಜಗ್ಗುವುದಿಲ್ಲ. ಆದರೆ ಪಂದ್ಯವೆಂದರೆ ಚೆಂಚೊಗೆ ಪ್ರಾಣ. ಅವಳು ಬೂಟನ್ನು ಮೇಜಿನ ಕೆಳಗೆ ಅಡಗಿಸಿ, ಡಬ್ಬಿಯಿಂದ ಒಂದು ಹಂದಿ ರೋಮ ಹಿರಿದು, ಕ್ಷೌರದಂಗಡಿಗೆ ನುಗ್ಗಿದಳು.

"ಕೊಂಪಾದ್ರೆ, ಒಂದು ಪಂದ್ಯ! ಕಣ್ಣು ಮುಚ್ಕೊಂಡು ಕೂತ್ಕೊಳ್ಳಿ. ಈ ರೋಮದಿಂದ ನಿಮ್ಮ ಅಂಗಾಲನ್ನ ಹತ್ತು ಸಲ ಮುಟ್ತೀನಿ. ಮುಟ್ಟಿದಾಗೆಲ್ಲ 'ಹೂಂ' ಅನ್ನಿ. ಹತ್ತಕ್ಕೆ ಐದು ಹೇಳಿದ್ರೂ ಸಾಕು, ಹೊಸ ಬೂಟು ಹೊಲ್ಕೊಡ್ತೀನಿ, ಬಿಟ್ಟಿ."

"ಉಡದ ತೊಗಲಿಂದು?"

"ಉಡದ್ದೇ! ಸೋತ್ರೆ ನಾನು ಕರೆದ ಕಡೆ ಬರಬೇಕು, ಕೂಡಲೇ, ತುಟಿ ಪಿಟಕ್ಕನ್ನದೆ."

"ದೆಲ್ಫೀನಾಗೆ ಹೇಳಬೇಡಿ ಮತ್ತೆ, ನನ್ನ ಹೆಂಡತಿಗೆ ಹೊಟ್ಟೆಕಿಚ್ಚು ಜಾಸ್ತಿ!" ಅಂದ ಚೆಂಚೊ. ಅಂಗಡಿಯಲ್ಲಿದ್ದ ಮೂವರು ಗಿರಾಕಿಗಳು ಹೋ ಎಂದರು. ಹಸಿಂತೊ ಬಿಸಿ ಟವೆಲನ್ನು ಅವನ ಕಣ್ಣಿಗೆ ಬಿಗಿದ. ಅಂಪಾರೊ ನೆಲದ ಮೇಲೆ ಕುಳಿತು ಬಲಗಾಲಿನ ಕಾಲುಚೀಲ ಎಳೆದಳು.

ಹೆಬ್ಬೆರಳಿನ ಬುಡದಲ್ಲಿ ತೊಗರಿಕಾಳಿನಷ್ಟು ತೂತು. ಸುತ್ತ ಕೆಂಪಗೆ ಮಿರಮಿರ ಮಿಂಚುತ್ತಿತ್ತು. ಹಸಿಂತೊ ಬಾಯಿ ತೆರೆದ. ಅವಳು ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರಿಸಿದಳು.

ಹಿಮ್ಮಡಿಗೆ ರೋಮ ಒತ್ತಿದಳು. ರೋಮ ಬಿಲ್ಲಿನ ಹಾಗೆ ಬಾಗಿತು. ಚೆಂಚೊ ಮೀಸೆಯೊಳಗೇ ನಗುತ್ತಿದ್ದ. ಕಿರುಬೆರಳು, ಹೆಬ್ಬೆರಳು, ಪಾದದ ನಡು. ಒಂದೊಂದಕ್ಕೂ ಹಸಿಂತೊ ಕನ್ನಡಿಯ ಮೇಲೆ ಸಾಬೂನಿನಿಂದ ಗೀಟು ಎಳೆದ. ಆರು. ಏಳು. 'ಹೂಂ ಅನ್ನೋ ಪುಣ್ಯಾತ್ಮ, ಒಂದಾದರೂ ಹೂಂ ಅನ್ನು' ಎಂದು ಅಂಪಾರೊ ಒಳಗೊಳಗೇ ಬೇಡುತ್ತಿದ್ದಳು. ಬೇಕಾದರೆ ಉಡದ ತೊಗಲಿನದು ಎರಡು ಜೊತೆ ಹೊಲಿದುಕೊಟ್ಟೇನು! ಒಂಬತ್ತು. ಹತ್ತು.

"ಏನ್ರೀ ಕೊಮಾದ್ರೆ, ಹಂದಿ ಹಿಡಿಯೋಕೆ ಕಾಡಿಗೆ ಹೋದ್ರಾ?" ಅಂದ ಚೆಂಚೊ. "ಶುರು ಮಾಡಿ ಬೇಗ, ಟವೆಲು ತಣ್ಣಗಾಗ್ತಾ ಇದೆ."

ಹಸಿಂತೊ ಸಾಬೂನು ಕೆಳಗಿಟ್ಟ.

"ಮುಗೀತು," ಅಂದಳು ಅಂಪಾರೊ.

"ಏನು ಮುಗೀತು?"

"ಹತ್ತೂ ಮುಗೀತು ಚೆಂಚೊ. ಟವೆಲು ತೆಗಿ."

ಮೂವತ್ತೊಂದು ವರ್ಷದ ಬಹುವಚನ ಅಲ್ಲಿಗೆ ಮುರಿದುಬಿತ್ತು. ಚೆಂಚೊ ಟವೆಲು ಕಿತ್ತು "ಮೋಸ!" ಎಂದು ಕೂಗಿದವನು, ಕನ್ನಡಿಯ ಮೇಲಿನ ಹತ್ತು ಗೀಟುಗಳನ್ನೂ ಗೆಳೆಯರ ಮುಖಗಳನ್ನೂ ನೋಡಿ ತಣ್ಣಗಾದ. ಬಗ್ಗಿ ತನ್ನ ಅಂಗಾಲನ್ನು ತಾನೇ ಬೆರಳಿನಿಂದ ಒತ್ತಿದ. ಬೇರೆ ಯಾರದೋ ಕಾಲು ಮುಟ್ಟಿದ ಹಾಗಿತ್ತು.

"ನಿನ್ನ ಬೂಟಲ್ಲಿ ಮೊಳೆ ಎದ್ದಿದೆ. ಅದರ ಮೇಲೆ ಅದೆಷ್ಟು ದಿನ ಕುಣಿದೆಯೋ ಆ ದೇವರಿಗೇ ಗೊತ್ತು. ಏಳು, ಕ್ಲಿನಿಕ್ಕಿಗೆ."

"ಅಲ್ಲಿಗೆ ಬೇಡ ಅಂಪಾರೊ. ಎರಡು ಕಾಲಲ್ಲಿ ಹೋದೋರು ಒಂದು ಕಾಲಲ್ಲಿ ಬರ್ತಾರೆ. ನಿಮ್ಮಪ್ಪನ್ನೇ ನೋಡಿದೀಯಲ್ಲ."

"ನೋಡಿದೀನಿ ಕಣೋ! ನನ್ನ ಗೋಡೆ ಮೇಲಿರೋ ಹತ್ತೊಂಬತ್ತು ಜನಾನೂ ಇದೇ ಮಾತಾಡ್ತಾ ಮನೇಲಿ ಕೂತೋರು. ಅವರ ಕಾಲು ತೆಗೆದದ್ದು ಡಾಕ್ಟರಲ್ಲ, ತಡ. ಇಪ್ಪತ್ತನೇ ಅಚ್ಚು ಆ ಗೋಡೆಗೆ ಹಾಕೋಕೆ ನನ್ನ ಕೈಲಿ ಆಗಲ್ಲ. ಸೋತಿದೀಯ, ಏಳು!"

ಸೋತ ಪಂದ್ಯಕ್ಕೆ ಬೆನ್ನು ತೋರಿಸಿದ ಹೆಸರು ಚೆಂಚೊಗೆ ಬೇಡವಾಗಿತ್ತು. ಎದ್ದ. ಅಂಪಾರೊ ಅಂಗಡಿಗೆ ಓಡಿ ಮೊಳೆಯಿದ್ದ ಬೂಟನ್ನೂ, ಯಾಕೆಂದು ಅವಳಿಗೇ ತಿಳಿಯದೆ ಅವನ ಬಲಗಾಲಿನ ಮರದ ಅಚ್ಚನ್ನೂ ಎತ್ತಿಕೊಂಡಳು. ಹಸಿಂತೊ ಪಿಕಪ್ ಗಾಡಿ ಹೊರಡಿಸಿದ. ಗಿರಾಕಿಯೊಬ್ಬ ಅರ್ಧ ಗಡ್ಡದಲ್ಲೇ ಹಿಂದೆ ಹತ್ತಿಕೊಂಡ. ರೈಲ್ವೆ ಗೇಟಿನ ಹತ್ತಿರ ಬಂದರೆ, ಗೇಟು ಬಿತ್ತು! ಗೂಡ್ಸ್ ರೈಲು ಬಸುರಿಯ ಹಾಗೆ ಸಾವಕಾಶವಾಗಿ ಬಂತು. ಅಂಪಾರೊ ಡಬ್ಬಿ ಎಣಿಸಿದಳು, ಅರವತ್ತಕ್ಕೆ ಸಹನೆ ಕಳೆದುಕೊಂಡು ಕಿಟಕಿಯಿಂದ ತಲೆ ಹಾಕಿ ರೈಲಿಗೇ ಬೈದಳು. ಕೊನೆಯ ಡಬ್ಬಿ ದಾಟಿದಾಗ ಹನ್ನೆರಡಕ್ಕೆ ನಾಲ್ಕು ನಿಮಿಷವಿತ್ತು.

ಕ್ಲಿನಿಕ್ಕಿನ ನರ್ಸ್ ಮಿರ್ತಾ ಬಾಗಿಲು ಎಳೆಯುತ್ತಿದ್ದಳು. "ಮಂಗಳವಾರ ಬನ್ನಿ ದೋನ್ಯಾ ಅಂಪಾರೊ" ಅನ್ನುವಷ್ಟರಲ್ಲಿ ಅಂಪಾರೊ ಬಾಗಿಲ ಸಂದಿಗೆ ಚೆಂಚೊನ ಮರದ ಕಾಲನ್ನು ತುರುಕಿದಳು. ಬಾಗಿಲು ಮುಚ್ಚಲಿಲ್ಲ.

"ಈ ಮರದ್ದನ್ನ ಬೇಕಾದ್ರೆ ಇಟ್ಕೋ ತಾಯಿ," ಅಂದಳು ಏದುಸಿರಿನಲ್ಲಿ, "ಇನ್ನೊಂದನ್ನ ಈಗಲೇ ನೋಡು."

ಮಿರ್ತಾ ಮೊಳೆ ನೋಡಿದಳು, ಗಾಯ ನೋಡಿದಳು, ಮತ್ತೆ ದೀಪ ಹಾಕಿದಳು. ಬೆರಳು ಚುಚ್ಚಿದರೆ ಸಕ್ಕರೆ ನಾನ್ನೂರ ಎಂಬತ್ತು. ಆಮೇಲೆ ಅವಳು ಪೆನ್ನಿನಂಥ ಒಂದು ಕಡ್ಡಿ ತೆಗೆದಳು, ಅದರ ತುದಿಗೆ ನೈಲಾನಿನ ಒಂದೇ ಎಳೆ. ಅದನ್ನು ಚೆಂಚೊನ ಅಂಗಾಲಿಗೆ ಒತ್ತಿದಾಗ ಎಳೆ ಬಿಲ್ಲಿನ ಹಾಗೆ ಬಾಗಿತು.

"ಅಯ್ಯೋ, ಇದು ನನ್ನ ಹಂದಿ ರೋಮ!" ಅಂಪಾರೊ ಕಿರುಚಿದಳು. "ನಿನಗೆ ಯಾರು ಕಲಿಸಿದ್ರು?"

"ಕಾಲೇಜಲ್ಲಿ ಕಲಿಸಿದ್ರು. ನಿಮಗೆ?"

"ನಮ್ಮಪ್ಪನ ಅಂಗಾಲು," ಅಂದಳು ಅಂಪಾರೊ.

ಮಿರ್ತಾ ನಗರದ ಆಸ್ಪತ್ರೆಗೆ ಫೋನು ಹಚ್ಚುತ್ತಲೇ ಹೇಳಿದಳು: "ಮಂಗಳವಾರದ ಹೊತ್ತಿಗೆ ಮೂಳೆಗೆ ಇಳಿದುಬಿಡ್ತಿತ್ತೇನೋ. ಅದಿರಲಿ, ನೀವು ಯಾವತ್ತು ಪರೀಕ್ಷೆ ಮಾಡಿಸಿದ್ರಿ ದೋನ್ಯಾ? ನಿಮ್ಮಪ್ಪನಿಗೆ ಇತ್ತು ಅಂದ್ರೆ ನಿಮಗೂ ನೋಡ್ಬೇಕು."

"ಅಂಗಡಿ ತೆರೆದೇ ಬಿಟ್ಟು ಬಂದಿದೀನಿ," ಅಂದವಳೇ ಅಂಪಾರೊ ಹೊರಗೆ ನಡೆದಳು.

ಚೆಂಚೊ ಎಂಟು ದಿನ ಆಸ್ಪತ್ರೆಯಲ್ಲಿದ್ದ. ಕಾಲು ಉಳಿಯಿತು! ಬೆರಳು ಸಹ ಐದಕ್ಕೆ ಐದು. ಸ್ಪರ್ಧೆ ತಪ್ಪಿತು, ಎರಡು ತಿಂಗಳು ಕಾಲು ನೆಲಕ್ಕೆ ಊರುವಂತಿರಲಿಲ್ಲ. ಬೆಳಿಗ್ಗೆ ದೆಲ್ಫೀನಾ ಇನ್ಸುಲಿನ್ ಚುಚ್ಚಿದ ಕೂಡಲೇ ಅವನು ಪೇಪರು ಬಿಡಿಸಿ ಬೀದಿಗೆ ಕೇಳುವ ಹಾಗೆ ಓದುತ್ತಿದ್ದ. ಒಂದು ಸುದ್ದಿ ಮುಗಿಸಿ, "ಇವತ್ತೂ ಕಾಣಿಸ್ತಿದೆ!" ಎಂದು ಹೆಂಡತಿಗೆ ವರದಿ ಒಪ್ಪಿಸುತ್ತಿದ್ದ. ಅವನ ಅಣ್ಣನ ಕಣ್ಣು ತಿಂದದ್ದು ಸೂಜಿಯಲ್ಲ, ಸೂಜಿಗೆ ಮುಂಚಿನ ಹನ್ನೆರಡು ವರ್ಷ ಎಂದು ಮಿರ್ತಾ ಹೇಳಿದ್ದನ್ನು ಅವನು ಪೂರ್ತಿ ನಂಬಿರಲಿಲ್ಲ, ಆದರೆ ಸೂಜಿ ಬಿಡಲಿಲ್ಲ.

ಇತ್ತ ಅಂಪಾರೊಳ ಅಂಗಡಿಗೆ ಹೊಸ ಕಾನೂನು ಬಂತು. ಅಟ್ಟೆ ಹಾಕಿಸಲು ಬಂದವರೂ, ಬರೀ ಹರಟೆಗೆ ಬಂದವರೂ ಕಾಲುಚೀಲ ಬಿಚ್ಚಬೇಕು. ಒಂದು ತಿಂಗಳಲ್ಲಿ ಏಳು ಜನ, ರೋಮ ಹತ್ತು ಸಲ ಮುಟ್ಟಿ ಮುಗಿದ ಮೇಲೂ, 'ಶುರು ಮಾಡಿ' ಅಂದರು. ಏಳೂ ಜನರನ್ನು ಅವಳು ಬೈದು, ಕೊರಳು ಹಿಡಿದು ಮಿರ್ತಾಳ ಹತ್ತಿರ ಅಟ್ಟಿದಳು. ಪಾದ್ರಿಯವರನ್ನೂ ಬಿಡಲಿಲ್ಲ, ಅವರಿಗೆ ಕಚಗುಳಿ ವಿಪರೀತವೆಂದು ಊರಿಗೆಲ್ಲ ಗೊತ್ತಾಯಿತು. ತನ್ನ ಕಾಲಿನ ವಿಚಾರಕ್ಕೆ ಮಾತ್ರ ಅವಳಿಗೆ ಪುರುಸೊತ್ತಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ.

ಮೂರು ತಿಂಗಳ ಮೇಲೆ ಚೆಂಚೊ ತನ್ನೆರಡು ಕಾಲಿನ ಮೇಲೆ ನಡೆದು ಬಂದ. ಅವನ ಹಿಂದೆ ಹಸಿಂತೊ, ಕೈಯಲ್ಲಿ ಅದೇ ಟವೆಲು.

"ಬೂಟು ಹೊಲೀಬೇಕು ಕೊಮಾದ್ರೆ."

"ಎಷ್ಟು?"

"ಎರಡು!"

ಅಂಪಾರೊ ಜೋಡಿ ಗೋಡೆಯಿಂದ ಅವನ ಎರಡೂ ಅಚ್ಚು ಇಳಿಸಿದಳು. "ಈ ಸಲ ಒಂದೇ ಒಂದು ಮೊಳೆ ಹಾಕಲ್ಲ," ಅಂದಳು. "ಬರೀ ಹೊಲಿಗೆ, ಮರದ ಬೆಣೆ. ಹಾಕ್ಕೊಳ್ಳೋ ಮುಂಚೆ ಒಳಗೆ ಕೈ ಹಾಕಿ ನೋಡ್ಬೇಕು, ದಿನಾ."

"ನೋಡ್ತೀನಿ. ಆದ್ರೆ ಮೊದಲು ಒಂದು ಪಂದ್ಯ. ನೀವು ಕೂತ್ಕೊಳ್ಳಿ. ಬೂಟು ಬಿಚ್ಚಿ. ಸೋತ್ರೆ ಮಿರ್ತಾ ಹತ್ರ ಹೋಗಿ ರಕ್ತ ಕೊಡ್ಬೇಕು. ಗೆದ್ರೂ ಕೊಡ್ಬೇಕು."

"ಇದೆಂಥಾ ಪಂದ್ಯಾನ್ರೀ!"

"ನೀವೇ ಕಲಿಸಿದ್ದು."

ಅರವತ್ತೊಂದು ವರ್ಷದ ಅಂಪಾರೊ ಓಡಿಹೋಗಲು ಬಾಗಿಲ ಕಡೆ ನೋಡಿದಳು. ಅಲ್ಲಿ ಹಸಿಂತೊ ನಿಂತಿದ್ದ. ಕುಳಿತಳು. ಟವೆಲು ಕಣ್ಣಿಗೆ ಬಂತು. ಕತ್ತಲಲ್ಲಿ ಅವಳಿಗೆ ಕಂಡದ್ದು ಮೇಜಿನ ಕೆಳಗಿನ ಅಪ್ಪನ ಕಾಲು, ಅಲುಗಾಡದೆ ಬಿದ್ದಿದ್ದ ಕಾಲು.

ಕಾದಳು. ಏನೂ ಇಲ್ಲ. ಇನ್ನೂ ಕಾದಳು. ಅಂಗಾಲಿಗೆ ಗಾಳಿ ಸಹ ಸೋಕಿದಂತಿರಲಿಲ್ಲ.

"ಶುರು... ಶುರು ಮಾಡಿದ್ರಾ?" ಅಂದಳು. ತನ್ನ ಬಾಯಿಂದ ಬಂದ ಮಾತು ಕೇಳಿ ಅವಳಿಗೆ ಅಳು ಉಕ್ಕಿತು. "ಚೆಂಚೊ, ಹೇಳೋ, ಎಷ್ಟಾಯ್ತು?"

"ಸ್ವಲ್ಪ ತಡಿ ಮಾರಾಯ್ತಿ," ಚೆಂಚೊನ ದನಿ ನೆಲದ ಕಡೆಯಿಂದ ಬಂತು. "ಹಾಳಾದ್ದು ಈ ರೋಮ ಕೈ ಜಾರಿ ಬಿತ್ತು, ಹುಡುಕ್ತಾ ಇದೀನಿ... ಹಾಂ, ಸಿಕ್ತು."

ಅಂಗಾಲಿನ ನಟ್ಟನಡುವೆ ಸುಳ್ ಎಂದಿತು. ಅಂಪಾರೊ "ಅಯ್ಯಯ್ಯೋ ಇಲಿ!" ಎಂದು ಚೀರಿ ಝಾಡಿಸಿ ಒದ್ದಳು. ಚೆಂಚೊನ ಟೋಪಿ ಹಾರಿ ಅಂಟಿನ ಡಬ್ಬಿಯೊಳಗೆ ಬಿತ್ತು, ಮೊಳೆ ಡಬ್ಬಿ ಮಗುಚಿ ನೆಲವೆಲ್ಲ ಝಣಝಣ ಅಂದಿತು. ಟವೆಲಿನ ಕೆಳಗಿಂದ ಅವಳ ಕಣ್ಣೀರು ಇಳಿಯುತ್ತಿತ್ತು, ಹೊಟ್ಟೆ ನಗುವಿಗೆ ಕುಲುಕುತ್ತಿತ್ತು.

"ಒಂದು," ಅಂದ ಹಸಿಂತೊ.

"ಇನ್ನೊಂದು ಸಲ ಮಾಡೋ ಚೆಂಚೊ," ಎಂದು ಅಂಪಾರೊ ಕಾಲು ಮುಂದೆ ಚಾಚಿದಳು. "ಮಾಡು, ಇನ್ನೊಂದು ಸಲ!"