ಬಿಳಿ ಕುದುರೆಗಿಟ್ಟ ಕುಂಕುಮ

ಕುದುರೆ ಅಂದರೆ ನನಗೆ ಗೊತ್ತಿದ್ದದ್ದು ಬೆಂಗಳೂರಿನ ರೇಸ್ ಕೋರ್ಸ್ ಮಾತ್ರ, ಅದೂ ಬಸ್ಸಿನ ಕಿಟಕಿಯಿಂದ. ಮಗಳು ಕಲಿಯುತ್ತಿದ್ದದ್ದು ಬೇರೆಯೇ ವಿದ್ಯೆ. ಡ್ರೆಸಾಜ್ ಅನ್ನುತ್ತಾರೆ, ಯುರೋಪಿನ ಹಳೆಯ ಸವಾರಿ ಪದ್ಧತಿ. ಓಟವಿಲ್ಲ, ಪೈಪೋಟಿಯ ಕೂಗಾಟವಿಲ್ಲ. ಸವಾರಳು ನೆಟ್ಟಗೆ ಕೂತಿರಬೇಕು, ಕುದುರೆ ತನ್ನಷ್ಟಕ್ಕೆ ತಾನೇ ಹೆಜ್ಜೆ ಹಾಕುತ್ತಿದೆ ಅನ್ನಿಸಬೇಕು. ಇಷ್ಟಕ್ಕೆ ವಾರವಾರ ಈ ಪರದೇಶದಲ್ಲಿ ನಾವಿರುವ ಸ್ಟರ್ಲಿಂಗ್ ಊರಿನಿಂದ ಅಷ್ಟು ದೂರ ಡ್ರೈವ್ ಮಾಡಬೇಕೇ ಎಂದು ಗೊಣಗುತ್ತಿದ್ದೆ. ಆದರೆ ಕೋವಿಡ್ ಕಾಲದಲ್ಲಿ ರೂಮು ಸೇರಿ ಮಂಕಾಗಿದ್ದ ಹುಡುಗಿ ಮತ್ತೆ ನಕ್ಕಿದ್ದು ಆ ಲಾಯದಲ್ಲೇ.

ಅವಳ ಮೊದಲ ಸ್ಪರ್ಧೆ ಆಯುಧಪೂಜೆಯ ದಿನವೇ ಬಂತು. ಬೆಳಿಗ್ಗೆ ಕಾರಿಗೆ, ಲ್ಯಾಪ್‌ಟಾಪಿಗೆ ಕುಂಕುಮ ಇಟ್ಟ ಕೈ ಸುಮ್ಮನಿರಲಿಲ್ಲ. ಸ್ಪರ್ಧೆಯ ಜಾಗದಲ್ಲಿ ಮಗಳು ಬೂಟು ಹಾಕಿಕೊಳ್ಳಲು ಹೋದಾಗ ಅವಳ ಬಿಳಿ ಕುದುರೆಗೂ ಇಟ್ಟೆ. ಹಣೆಗಿಟ್ಟರೆ ನಾಲ್ಕು ಜನರ ಕಣ್ಣಿಗೆ ಬೀಳುತ್ತದೆ, ಇದೇನೆಂದು ಕೇಳುತ್ತಾರೆ. ಅದಕ್ಕೇ ಬಾಯಿಯ ಪಕ್ಕ, ಲಗಾಮಿನ ಪಟ್ಟಿಯ ಒಳಗೆ ಒಂದು ಚಿಟಿಕೆ ಒತ್ತಿದೆ. ದೇವರಿಗೆ ಕಂಡರೆ ಸಾಕಲ್ಲ.

ಮೈದಾನಕ್ಕಿಳಿದ ಕುದುರೆ ಲಗಾಮು ಕಚ್ಚಿ ನೊರೆ ಬಿಟ್ಟಿತು. ನೊರೆ ಕೆಂಪಾಗಿ ತುಟಿಯಿಂದ ಇಳಿಯಿತು. ಜಡ್ಜ್ ಆಗಿದ್ದ ಹೆಂಗಸು ಗಂಟೆ ಬಾರಿಸಿ ನಿಲ್ಲಿಸಿದಳು. ಈ ಸವಾರಿಯಲ್ಲಿ ಕುದುರೆಯ ಬಾಯಲ್ಲಿ ರಕ್ತ ಕಂಡರೆ ಅಲ್ಲಿಗೆ ಮುಗಿಯಿತು. ಲಗಾಮು ಜಗ್ಗಿ ಹಿಂಸೆ ಮಾಡಿದ್ದಾರೆಂದೇ ನೋಡಿದವರ ಲೆಕ್ಕ. ಬೇಲಿಯ ಸುತ್ತ ನಿಂತಿದ್ದ ಅಪ್ಪ ಅಮ್ಮಂದಿರು ನನ್ನ ಮಗಳನ್ನು ಕಟುಕರನ್ನು ನೋಡುವಂತೆ ನೋಡಿದರು. ಅವಳು ಅಳುತ್ತ, ನಾನು ಎಳೆದೇ ಇಲ್ಲ ಎಂದು ಇಂಗ್ಲಿಷಿನಲ್ಲಿ ಹೇಳುತ್ತಲೇ ಇದ್ದಳು.

ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆಫೀಸಿನ ಮೀಟಿಂಗಿನಲ್ಲಿ ಯಾರಿಗೂ ಜಗ್ಗದ ಹೆಂಗಸು ನಾನು. ಆದರೆ ಕುದುರೆಗೆ ಪೂಜೆ ಮಾಡಿದೆ ಅಂತ ಇವರೆದುರು ಹೇಗೆ ಹೇಳುವುದು? ಕೆಂಪಾದ ಬೆರಳನ್ನು ಜಾಕೆಟ್ಟಿನ ಜೇಬಿಗೆ ತೂರಿಸಿಕೊಂಡು ಎಲ್ಲರ ಜೊತೆ ನಾನೂ ನೋಡುತ್ತ ನಿಂತೆ. ಥೂ, ನನ್ನ ಜನ್ಮಕ್ಕಿಷ್ಟು.

ಮಗಳು ಕೆಳಗಿಳಿದು ಆ ನೊರೆಯನ್ನು ಮುಟ್ಟಿ ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು. ಮೂಗು ಒರೆಸಿಕೊಂಡು, ಇದು ಕುಂಕುಮ, ಇವತ್ತು ನಮ್ಮ ಹಬ್ಬ, ನಾನೇ ಇಟ್ಟೆ ಎಂದು ಜಡ್ಜ್‌ಗೆ ವಿವರಿಸಿದಳು. ಆಕೆ ಬಟ್ಟೆಯಿಂದ ಒರೆಸಿ, ಬಾಯಿ ಬಿಡಿಸಿ ನೋಡಿ, ಗಾಯವಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಆದರೂ ಕುದುರೆಗೆ ಏನೋ ಬಳಿದದ್ದು ತಪ್ಪೇ ಎಂದು ಸ್ಪರ್ಧೆಗೆ ಮತ್ತೆ ಬಿಡಲಿಲ್ಲ.

ವಾಪಸ್ ಬರುವಾಗ ಕಾರಿನಲ್ಲಿ ಸಾರಿ ಕೇಳಿದೆ. ಯಾಕೋ ಬಾಯೇ ಬರಲಿಲ್ಲ ಕಂದಾ ಅಂದೆ. ಅವಳು ಸಿಟ್ಟು ಮಾಡಲಿಲ್ಲ. ಎಂದೂ ಇಲ್ಲದ್ದು ಕನ್ನಡದಲ್ಲಿ ಕೇಳಿದಳು.

"ಅಮ್ಮಾ, ಕುಂಕುಮ ಅಂತ ಹೇಳೋದಕ್ಕಿಂತ, ನಾನು ಹಾರ್ಸ್‌ನ ಹರ್ಟ್ ಮಾಡ್ದೆ ಅಂತ ಅವ್ರು ಥಿಂಕ್ ಮಾಡೋದು ನಿಂಗೆ ಓಕೆನಾ?"

ಇಲ್ಲ ಕಣೇ ಅನ್ನಲು ಬಾಯಿ ತೆರೆದೆ. ಆದರೆ ಬೇಲಿಯ ಹತ್ತಿರ ನಿಂತಿದ್ದಾಗ ನನಗೆ ಅದೇ ಓಕೆ ಆಗಿತ್ತು.