ಯಶೋಧರಾಳ ಬಿ.ಪಿ. ಸವಾರಿ

ಮೆಡಿಕಲ್ ಸೇರಲು ಇನ್ನೊಂದು ವರ್ಷ ಕಾಯಬೇಕಾಗಿ ಬಂದಾಗ ಗಂಡಸಿ ಊರಿನ ಯಶೋಧರಾ ಮೂಲೆ ಹಿಡಿಯಲಿಲ್ಲ, ಬಿ.ಪಿ. ಮಿಷನ್ನು ಹಿಡಿದು ಸ್ಕೂಟಿಯಲ್ಲಿ ಮನೆಮನೆ ಸುತ್ತತೊಡಗಿದಳು. "ಮಾತಾಡಬೇಡಿ, ಬಿ.ಪಿ. ಏರುತ್ತೆ" ಎಂದು ಗದರಿಸಿ, ತಾನು ಮಾತ್ರ ಊರಿನ ಸುದ್ದಿಯನ್ನೆಲ್ಲ ಹೇಳುತ್ತಾಳೆ. "ನಾನಿನ್ನೂ ಡಾಕ್ಟರಲ್ಲ ಕಣ್ರೀ" ಎಂದರೆ ಕೇಳುವವರಾರು? ಚನ್ನಪ್ಪನಂತೂ ಮೇವು ಬಿಟ್ಟ ಎಮ್ಮೆಯನ್ನೇ ಎಳೆತಂದು, "ಇದಕ್ಕೂ ಒಸಿ ಪಟ್ಟಿ ಕಟ್ಟವ್ವ" ಎನ್ನುತ್ತಾನೆ. ಎಮ್ಮೆಗೂ ಅವಳದು ಅದೇ ಸಲಹೆ, ಉಪ್ಪು ಕಮ್ಮಿ ಮಾಡಿ. ಕೊನೆಗೆ ಸಾವಿತ್ರಮ್ಮನವರ ಮನೆ. ಯಶೋಧರಾಳ ಅಜ್ಜಿ ಕೂಲಿಗೆ ಬಂದಾಗ ಮೈ ಸೋಕದಂತೆ ಎತ್ತರದಿಂದ ಬೊಗಸೆಗೆ ನೀರು ಹುಯ್ಯುತ್ತಿದ್ದವರು ಇದೇ ಸಾವಿತ್ರಮ್ಮ. ಈಗ, "ಎಲ್ಲಾ ಸರಿಯಾಗೇ ಇದೆ" ಎಂದು ಯಶೋಧರಾ ಪಟ್ಟಿ ಬಿಚ್ಚಿದರೆ, ಅವರು ಮತ್ತೆ ತೋಳು ಚಾಚುತ್ತಾರೆ: "ಇನ್ನೊಂದ್ಸಲ ಹಿಡ್ಕಂಡು ನೋಡವ್ವ."